ಸಿಪಿಎಲ್ ಕೈಗೆ ಬಂದ ಮೇಲೆ: ಕಡಿಮೆ ಗಂಟೆಗಳ ಪೈಲಟ್ ಏರ್‌ಲೈನ್ ಕೆಲಸಕ್ಕೆ ಸಿದ್ಧವಾಗುವ ಬಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಯಾವುದೋ ಊರಿನಿಂದ ಪೈಲಟ್ ತರಬೇತಿಗೆ ಹೋದ ಮಗ ಅಥವಾ ಮಗಳು 200 ಗಂಟೆಗಳ ಹಾರಾಟ ಮುಗಿಸಿ, ವಾಣಿಜ್ಯ ಪೈಲಟ್ ಪರವಾನಗಿ, ಅಂದರೆ ಸಿಪಿಎಲ್, ಪಡೆದು ಮನೆಗೆ ಮರಳಿದಾಗ, ಇನ್ನೇನು ಮುಂದಿನ ತಿಂಗಳೇ ದೇವನಹಳ್ಳಿಯಿಂದ ವಿಮಾನ ಹಾರಿಸುತ್ತಾರೆ ಎಂದು ಮನೆಯವರೂ ನೆಂಟರೂ ನಂಬಿರುತ್ತಾರೆ. ಆದರೆ ಪರವಾನಗಿಗೂ ಏರ್‌ಲೈನ್‌ನ ನೇಮಕಾತಿ ಪತ್ರಕ್ಕೂ ನಡುವೆ ಹಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ತರಬೇತಿ ಶಾಲೆಗಳು ಈ ಅವಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಕಾಲದಲ್ಲಿ ಪರವಾನಗಿ, ಓದು ಮತ್ತು ಹಣ ಮೂರನ್ನೂ ಕೈಜಾರದಂತೆ ಕಾಯ್ದುಕೊಂಡವರಿಗೇ ನೇಮಕಾತಿಯ ಬಾಗಿಲು ತೆರೆದಾಗ ಒಳಗೆ ಹೋಗಲು ಸಾಧ್ಯ. ಅದನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಮೊದಲು ಕಾಯುವಿಕೆಯ ಕಾರಣ ತಿಳಿದಿರಬೇಕು. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಅದೇ ವರ್ಷ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ, 2024ರ ಜನವರಿಯಲ್ಲಿ ಆಕಾಶ ಏರ್ 150 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಈ ಸಂಖ್ಯೆಗಳನ್ನು ತೋರಿಸಿ ಪೈಲಟ್‌ಗಳ ಕೊರತೆ ಇದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ವಿಮಾನಗಳು ಒಮ್ಮೆಗೇ ಬರುವುದಿಲ್ಲ, ಹಲವು ವರ್ಷಗಳಲ್ಲಿ ಹಂಚಿಕೊಂಡು ಬರುತ್ತವೆ. ಬಂದ ವಿಮಾನಕ್ಕೆ ಮೊದಲು ಬೇಕಾಗುವವರು ಕ್ಯಾಪ್ಟನ್‌ಗಳು ಮತ್ತು ತರಬೇತುದಾರರು. ಹೊಸಬರನ್ನು ಎಷ್ಟು ಮಂದಿ ತೆಗೆದುಕೊಳ್ಳಬಹುದು ಎಂಬುದನ್ನು ಆ ತರಬೇತುದಾರರ ಸಂಖ್ಯೆ ಮತ್ತು ಸಿಮ್ಯುಲೇಟರ್‌ಗಳಲ್ಲಿ, ಅಂದರೆ ನೆಲದ ಮೇಲಿನ ಕೃತಕ ಕಾಕ್‌ಪಿಟ್‌ಗಳಲ್ಲಿ, ಸಿಗುವ ಸಮಯ ನಿರ್ಧರಿಸುತ್ತವೆ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ, ಸಾವಿರಾರು ಗಂಟೆಗಳ ಅನುಭವವಿದ್ದ ಪೈಲಟ್‌ಗಳೂ ಕೆಲಸ ಹುಡುಕುವವರ ಸಾಲಿಗೆ ಬಂದರು. ಆದ್ದರಿಂದ ಹೊಸಬರ ನೇಮಕಾತಿ ಅಲೆಗಳಂತೆ ಬರುತ್ತದೆ, ಮತ್ತು ಬಂದಾಗ ಸಿದ್ಧತೆಗೆ ಹೆಚ್ಚು ದಿನ ಕೊಡುವುದಿಲ್ಲ.

ಅಮೆರಿಕದ ವಿಡಿಯೋಗಳನ್ನು ನೋಡಿ 1,500 ಗಂಟೆ ಇಲ್ಲದೆ ಏರ್‌ಲೈನ್ ಸೇರಲಾಗದು ಎಂದು ಕೆಲವರು ಎದೆಗುಂದುತ್ತಾರೆ. ಅದು ಅಲ್ಲಿ 2013ರಿಂದ ಜಾರಿಯಲ್ಲಿರುವ ನಿಯಮ. ಭಾರತದಲ್ಲಿ ಸಿಪಿಎಲ್, ಬಹು ಎಂಜಿನ್ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಉಪಕರಣಗಳನ್ನೇ ನೋಡಿ ಹಾರಿಸುವ ಅರ್ಹತೆ) ಮತ್ತು ಆಯಾ ವಿಮಾನದ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನವನ್ನು ಹಾರಿಸುವ ಅರ್ಹತೆ) ಇದ್ದರೆ, 200 ಗಂಟೆಗಳ ಪೈಲಟ್ ಕೂಡ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್, ಆಗಿ ಬಲಗಡೆಯ ಆಸನದಲ್ಲಿ ಕೂರಬಹುದು.

ಮೊದಲ ಹಂತ: ದಾಖಲೆಗಳಲ್ಲಿ ಒಂದೇ ಹೆಸರು

ನಮ್ಮ ಭಾಗದಲ್ಲಿ ಹೆಸರಿನ ಜೊತೆ ಇನಿಶಿಯಲ್ ಬರೆಯುವ ರೂಢಿಯಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮುಂದೆ ಇರುತ್ತದೆ, ಪಿಯುಸಿಯಲ್ಲಿ ಹಿಂದೆ ಹೋಗಿರುತ್ತದೆ, ಆಧಾರ್‌ನಲ್ಲಿ ಮಾಯವಾಗಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಶಿಯಲ್ ಬಿಡಿಸಿಕೊಂಡು ಊರಿನ ಹೆಸರೋ ತಂದೆಯ ಹೆಸರೋ ಆಗಿರುತ್ತದೆ. ಬೇರೆ ಉದ್ಯೋಗಗಳಲ್ಲಿ ಇದನ್ನು ಯಾರೂ ಹೆಚ್ಚಾಗಿ ಗಮನಿಸುವುದಿಲ್ಲ. ವಿಮಾನಯಾನದಲ್ಲಿ ಮಾತ್ರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪರೀಕ್ಷೆಗಳಿಗಾಗಿ ಕೊಟ್ಟ ಕಂಪ್ಯೂಟರ್ ಸಂಖ್ಯೆಯಿಂದ ಹಿಡಿದು ಮೆಡಿಕಲ್ (ವೈದ್ಯಕೀಯ ಅರ್ಹತಾ ಪತ್ರ), ರೇಡಿಯೋ ಪರವಾನಗಿ, ಲಾಗ್‌ಬುಕ್ ಮತ್ತು ಸಿಪಿಎಲ್‌ವರೆಗೆ ಎಲ್ಲದರಲ್ಲೂ ಹೆಸರು ಅಕ್ಷರಶಃ ಒಂದೇ ಆಗಿರಬೇಕು. ವ್ಯತ್ಯಾಸವಿದ್ದರೆ ಏರ್‌ಲೈನ್ ಅರ್ಜಿ ಕರೆಯುವ ಮುಂಚೆಯೇ ಸರಿಪಡಿಸಿಕೊಳ್ಳಿ. ಅಂಕಪಟ್ಟಿಯ ತಿದ್ದುಪಡಿಗೆ ಓದಿದ ಶಾಲೆ ಅಥವಾ ಕಾಲೇಜಿನ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಹೋಗಬೇಕಾಗುತ್ತದೆ. ಅದು ಒಂದು ವಾರದಲ್ಲಿ ಮುಗಿಯುವ ಕೆಲಸವಲ್ಲ.

ಲಾಗ್‌ಬುಕ್‌ನ ಪ್ರತಿ ಪುಟದ ಮೊತ್ತವನ್ನು ಕುಳಿತು ಮತ್ತೆ ಕೂಡಿ ನೋಡಿ. ಒಟ್ಟು ಗಂಟೆಗಳು, ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ನಿಮ್ಮದೇ ಆಗಿದ್ದ) ಗಂಟೆಗಳು, ಕ್ರಾಸ್ ಕಂಟ್ರಿ (ಒಂದು ಊರಿನಿಂದ ಇನ್ನೊಂದಕ್ಕೆ ದೂರದ ಹಾರಾಟ), ರಾತ್ರಿ ಹಾರಾಟ, ಇನ್‌ಸ್ಟ್ರುಮೆಂಟ್ ಹಾರಾಟ, ಬಹು ಎಂಜಿನ್ ವಿಮಾನದ ಗಂಟೆಗಳು ಇವೆಲ್ಲ ಬೇರೆ ಬೇರೆಯಾಗಿ ಕೈಬೆರಳ ತುದಿಯಲ್ಲಿರಬೇಕು. ಸಂದರ್ಶಕರು ಲಾಗ್‌ಬುಕ್ ತಿರುವಿ, 300 ನಾಟಿಕಲ್ ಮೈಲಿನ ನಿಮ್ಮ ಕ್ರಾಸ್ ಕಂಟ್ರಿ ಹಾರಾಟ ಯಾವ ಮಾರ್ಗದಲ್ಲಿತ್ತು, ಆ ದಿನದ ಹವಾಮಾನ ಹೇಗಿತ್ತು ಎಂದು ಕೇಳುವುದು ಸಾಮಾನ್ಯ. ಲಾಗ್‌ಬುಕ್‌ಗೆ ಹಾರದ ಗಂಟೆಯನ್ನು ಸೇರಿಸುವ ಸಲಹೆ ಯಾರು ಕೊಟ್ಟರೂ ಕಿವಿಗೊಡಬೇಡಿ. 2011ರಲ್ಲಿ ನಕಲಿ ಅಂಕಪಟ್ಟಿಗಳಿಂದ ಪರವಾನಗಿ ಪಡೆದವರ ಪ್ರಕರಣಗಳು ಬಯಲಾದ ನಂತರ ಪರಿಶೀಲನೆ ಬಿಗಿಯಾಗಿದೆ. ಅದಕ್ಕಿಂತ ಮುಖ್ಯವಾಗಿ, ಆ ಸುಳ್ಳು ಗಂಟೆಯ ಬೆಲೆಯನ್ನು ಮುಂದೆ ಪ್ರಯಾಣಿಕರು ತೆರಬೇಕಾಗಬಹುದು.

ಕೆಲಸ ಸಿಕ್ಕ ಮೇಲೆ ವಿಮಾನ ನಿಲ್ದಾಣದ ಪ್ರವೇಶ ಪರವಾನಗಿಗಾಗಿ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ, ಅದಕ್ಕೆ ನಿಮ್ಮ ವಿಳಾಸದ ವ್ಯಾಪ್ತಿಯ ಪೊಲೀಸ್ ಠಾಣೆಯ ವರದಿ ಬೇಕು. ಊರಿನ ವಿಳಾಸ ಒಂದು, ಬೆಂಗಳೂರಿನ ಪಿಜಿ ವಿಳಾಸ ಇನ್ನೊಂದು ಎಂದು ದಾಖಲೆಗಳಲ್ಲಿ ಹರಡಿಕೊಂಡಿದ್ದರೆ ಇದೇ ಒಂದು ತಿಂಗಳು ತಿನ್ನುತ್ತದೆ.

ವಿದೇಶದಲ್ಲಿ ತರಬೇತಿ ಪಡೆದವರು ಮೊದಲು ಪರವಾನಗಿಯನ್ನು ಭಾರತೀಯ ಪರವಾನಗಿಯಾಗಿ ಪರಿವರ್ತಿಸಿಕೊಳ್ಳಬೇಕು. ಏರ್ ರೆಗ್ಯುಲೇಷನ್ಸ್ ಹಾಗೂ ನ್ಯಾವಿಗೇಷನ್ ಮತ್ತು ಹವಾಮಾನ ಸೇರಿದ ಸಂಯುಕ್ತ ಪತ್ರಿಕೆಯಲ್ಲಿ ಶೇಕಡಾ 70 ಅಂಕ ಪಡೆಯಬೇಕು, ಇಲ್ಲಿನ ಹಾರಾಟ ಪರೀಕ್ಷೆಗಳನ್ನು ಮುಗಿಸಬೇಕು, ಪರವಾನಗಿ ಕೊಟ್ಟ ದೇಶದ ಪ್ರಾಧಿಕಾರದಿಂದ ದೃಢೀಕರಣವೂ ಬರಬೇಕು. ಆ ದೃಢೀಕರಣದ ಅರ್ಜಿಯನ್ನು ಆ ದೇಶ ಬಿಡುವ ಮುನ್ನವೇ ಹಾಕಿ ಬರುವುದು ಜಾಣತನ.

ಎರಡನೆಯ ಹಂತ: ಪರವಾನಗಿಯನ್ನು ಜೀವಂತವಾಗಿಡುವುದು

2023ರ ತಿದ್ದುಪಡಿಯ ನಂತರ ಸಿಪಿಎಲ್ ಹತ್ತು ವರ್ಷ ಮಾನ್ಯವಾಗಿರುತ್ತದೆ. 2025ರ ಫೆಬ್ರವರಿಯಿಂದ ವಿದ್ಯುನ್ಮಾನ ರೂಪದ ಪರವಾನಗಿಯೂ ಬಂದಿದೆ. ಆದರೆ ಪರವಾನಗಿ ಮಾನ್ಯವಾಗಿದೆ ಎಂದ ಮಾತ್ರಕ್ಕೆ ಅದನ್ನು ಬಳಸುವ ಅರ್ಹತೆ ಉಳಿದಿದೆ ಎಂದಲ್ಲ. ನಲವತ್ತು ವರ್ಷದೊಳಗಿನವರ ಕ್ಲಾಸ್ 1 ಮೆಡಿಕಲ್ ಹನ್ನೆರಡು ತಿಂಗಳಿಗೆ ಮುಗಿಯುತ್ತದೆ. ಇನ್‌ಸ್ಟ್ರುಮೆಂಟ್ ರೇಟಿಂಗ್‌ನ ಪರೀಕ್ಷೆಯೂ ಹನ್ನೆರಡು ತಿಂಗಳಿಗೊಮ್ಮೆ ಆಗಬೇಕು. ಇಂಗ್ಲಿಷ್ ಭಾಷಾ ಸಾಮರ್ಥ್ಯದಲ್ಲಿ ಕನಿಷ್ಠ ನಾಲ್ಕನೇ ಮಟ್ಟ ಬೇಕು, ಅದಕ್ಕೂ ಅವಧಿಯಿದೆ. ಈ ಎಲ್ಲ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಡಿ. ಏರ್‌ಲೈನ್‌ಗಳು ಅರ್ಜಿಯ ದಿನ ಎಲ್ಲವೂ ಚಾಲ್ತಿಯಲ್ಲಿರಬೇಕೆಂದು ಕೇಳುತ್ತವೆ, ‘ನವೀಕರಣಕ್ಕೆ ಹಾಕಿದ್ದೇನೆ’ ಎಂಬ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಮೆಡಿಕಲ್ ವಿಷಯದಲ್ಲಿ ನಮ್ಮ ಜಿಲ್ಲೆಗಳವರಿಗೆ ಒಂದು ಅನುಕೂಲವಿದೆ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನಲ್ಲೇ ಇದೆ, ಡಿಜಿಸಿಎ ಮಾನ್ಯತೆಯ ಪರೀಕ್ಷಕ ವೈದ್ಯರೂ ನಗರದಲ್ಲಿ ಸಿಗುತ್ತಾರೆ. ಅವಧಿ ಮುಗಿಯುವ ದಿನದವರೆಗೆ ಕಾಯದೆ ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ. ರಕ್ತದೊತ್ತಡ ಅಥವಾ ಸಕ್ಕರೆಯ ಅಂಶದಲ್ಲಿ ಏರುಪೇರು ಕಂಡು ‘ತಾತ್ಕಾಲಿಕವಾಗಿ ಅನರ್ಹ’ ಎಂದು ಬಂದರೆ, ಚಿಕಿತ್ಸೆ ಪಡೆದು ಮರುಪರೀಕ್ಷೆಗೆ ಹೋಗಲು ಸಮಯ ಉಳಿದಿರಬೇಕು. ಮನೆಗೆ ಬಂದ ಮೇಲೆ ಓಡಾಟ ಕಡಿಮೆಯಾಗಿ ತೂಕ ಏರುವುದು ಎಲ್ಲರಿಗೂ ಆಗುತ್ತದೆ, ಅದನ್ನು ಲಘುವಾಗಿ ಕಾಣಬಾರದು.

ಹಾರಾಟದ ರೂಢಿಯನ್ನು ಉಳಿಸಿಕೊಳ್ಳುವುದು ಖರ್ಚಿನ ಬಾಬತ್ತು. ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಲು ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್ ಮತ್ತು ಮೂರು ಲ್ಯಾಂಡಿಂಗ್ ಆಗಿರಬೇಕೆಂಬುದು ಸಾಮಾನ್ಯ ನಿಯಮ. ಪ್ರತಿ ಮೂರು ತಿಂಗಳಿಗೊಮ್ಮೆ ಸಣ್ಣ ವಿಮಾನದಲ್ಲಿ ಒಂದು ಗಂಟೆ ಹಾರಿ ಬಂದರೆ ಕೈ ಮರೆಯುವುದಿಲ್ಲ. ಎಲ್ಲರಿಗೂ ಅಷ್ಟು ಹಣ ಇರುವುದಿಲ್ಲವೆಂಬುದು ನನಗೆ ಗೊತ್ತಿದೆ. ಹಣ ಸೀಮಿತವಾಗಿದ್ದರೆ ಸಣ್ಣ ವಿಮಾನದ ಸುತ್ತಾಟಕ್ಕಿಂತ ಇನ್‌ಸ್ಟ್ರುಮೆಂಟ್ ರೇಟಿಂಗ್ ನವೀಕರಣಕ್ಕೇ ಅದನ್ನು ಮೀಸಲಿಡಿ. ಏರ್‌ಲೈನ್ ನೋಡುವುದು ಅದನ್ನೇ.

ಮೂರನೆಯ ಹಂತ: ಹಣ, ಸಾಲ ಮತ್ತು ಟೈಪ್ ರೇಟಿಂಗ್‌ನ ಆಮಿಷ

ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲಿ. ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕ್‌ಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ತಿಪಟೂರಿನ ತೆಂಗಿನ ತೋಟವನ್ನೋ ಶ್ರೀನಿವಾಸಪುರದ ಮಾವಿನ ತೋಪನ್ನೋ ತೋರಿಸಿದರೆ ಹಲವು ಶಾಖೆಗಳು ಹಿಂಜರಿಯುತ್ತವೆ, ಏಕೆಂದರೆ ಬ್ಯಾಂಕ್‌ಗಳ ಸಾಲ ವಸೂಲಿಗಿರುವ 2002ರ ಸರ್ಫೇಸಿ ಕಾಯ್ದೆಯಡಿ ಕೃಷಿ ಜಮೀನನ್ನು ವಶಪಡಿಸಿಕೊಳ್ಳಲು ಬರುವುದಿಲ್ಲ. ಆದ್ದರಿಂದ ಮನೆ ಅಥವಾ ಭೂಪರಿವರ್ತನೆಯಾದ ನಿವೇಶನವೇ ಅಡಮಾನಕ್ಕೆ ಹೋಗುತ್ತದೆ. ಅಸಲಿನ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಆರಂಭವಾಗುತ್ತದೆ. ಆ ದಿನ ಕೆಲಸಕ್ಕಾಗಿ ಕಾಯುವುದಿಲ್ಲ. 50 ಲಕ್ಷ ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇಕಡಾ 10 ಬಡ್ಡಿ ಎಂದಿಟ್ಟುಕೊಂಡರೆ, ಬಡ್ಡಿಯೊಂದೇ ತಿಂಗಳಿಗೆ ಸುಮಾರು 41,700 ರೂಪಾಯಿ. ಈ ಲೆಕ್ಕವನ್ನು ತಂದೆತಾಯಿಯ ಎದುರು ಕುಳಿತು ಬಿಡಿಸಿ ಹೇಳಬೇಕು. ಕೆಲಸ ತಡವಾದರೆ ಕಂತು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮೊದಲೇ ಉತ್ತರವಿದ್ದರೆ ಮನೆಯ ನೆಮ್ಮದಿಯೂ ನಿಮ್ಮ ಓದೂ ಉಳಿಯುತ್ತವೆ.

ಕಾಯುವ ಪೈಲಟ್‌ಗೆ ಬರುವ ದೊಡ್ಡ ಆಮಿಷವೆಂದರೆ ಸ್ವಂತ ಹಣದಲ್ಲಿ ಏರ್‌ಬಸ್ ಎ320 ಅಥವಾ ಬೋಯಿಂಗ್ 737 ಟೈಪ್ ರೇಟಿಂಗ್ ಮಾಡಿಸಿಕೊಳ್ಳುವುದು. ಇದರ ವೆಚ್ಚ ಹತ್ತು ಲಕ್ಷ ರೂಪಾಯಿಗಳನ್ನು ಸುಲಭವಾಗಿ ದಾಟುತ್ತದೆ. ‘ರೇಟಿಂಗ್ ಇದ್ದರೆ ಕೆಲಸ ಖಚಿತ’ ಎನ್ನುವ ಮಧ್ಯವರ್ತಿಗಳೂ ಸಿಗುತ್ತಾರೆ. ನನ್ನ ನಿಲುವು ಸ್ಪಷ್ಟ: ಏರ್‌ಲೈನ್‌ನ ಲಿಖಿತ ಆಯ್ಕೆ ಪತ್ರ ಕೈಯಲ್ಲಿ ಇಲ್ಲದೆ ಟೈಪ್ ರೇಟಿಂಗ್‌ಗೆ ಹಣ ಕಟ್ಟಬೇಡಿ. ಯಾವ ಏರ್‌ಲೈನ್ ಮುಂದೆ ಕರೆಯುತ್ತದೆ ಎಂಬುದು ತಿಳಿಯದೆ ಯಾವ ವಿಮಾನವನ್ನು ಆರಿಸುತ್ತೀರಿ? ಎ320 ಆರಿಸಿಕೊಂಡವರಿಗೆ 737 ಮಾತ್ರ ಹಾರಿಸುವ ಆಕಾಶ ಏರ್‌ನಲ್ಲಾಗಲಿ, ಸಣ್ಣ ಎಟಿಆರ್ ವಿಮಾನಗಳನ್ನು ಹಾರಿಸುವ ಅಲಯನ್ಸ್ ಏರ್‌ನಲ್ಲಾಗಲಿ ಆ ರೇಟಿಂಗ್ ನೇರ ಉಪಯೋಗಕ್ಕೆ ಬಾರದು. ರೇಟಿಂಗ್ ಮಾಡಿ ಹಾರದೆ ಕುಳಿತರೆ ಅದನ್ನು ಚಾಲ್ತಿಯಲ್ಲಿಡಲು ಮತ್ತೆ ಸಿಮ್ಯುಲೇಟರ್ ಖರ್ಚು ಬೀಳುತ್ತದೆ. ಹೊಸಬರನ್ನು ತೆಗೆದುಕೊಳ್ಳುವಾಗ ಸಂಸ್ಥೆಗಳು ತಮ್ಮದೇ ಕಾರ್ಯವಿಧಾನದಲ್ಲಿ, ತಾವು ಗೊತ್ತುಮಾಡಿದ ಕೇಂದ್ರದಲ್ಲಿ ರೇಟಿಂಗ್ ಕೊಡಿಸುವುದೂ ಉಂಟು. ರೇಟಿಂಗ್ ಇದ್ದವರನ್ನೇ ಕರೆಯುವ ಜಾಹೀರಾತುಗಳು ಬರುತ್ತವೆ, ನಿಜ. ಆದರೆ ಅವುಗಳಲ್ಲಿ ಬಹುಪಾಲು ಆ ವಿಮಾನದಲ್ಲಿ ಹಾರಿದ ಗಂಟೆಗಳನ್ನೂ ಕೇಳುತ್ತವೆ.

ಹಣ ಪಡೆದು ಸಂದರ್ಶನ ಕೊಡಿಸುತ್ತೇವೆ ಎನ್ನುವವರನ್ನು ದೂರವಿಡಿ. ಅರ್ಜಿಯನ್ನು ಏರ್‌ಲೈನ್‌ನ ಅಧಿಕೃತ ಉದ್ಯೋಗ ಜಾಲತಾಣದಲ್ಲೇ ಹಾಕಬೇಕು, ಬೇರೆ ದಾರಿಯನ್ನು ನಂಬಬೇಡಿ.

ನಾಲ್ಕನೆಯ ಹಂತ: ಮನೆಯಲ್ಲಿ ಕುಳಿತು ಓದುವ ಕ್ರಮ

ಏರ್‌ಲೈನ್‌ನ ಲಿಖಿತ ಪರೀಕ್ಷೆ ಸಿಪಿಎಲ್ ಪ್ರಶ್ನೆಪತ್ರಿಕೆಗಿಂತ ಆಳವಾಗಿರುತ್ತದೆ. ಜೆಟ್ ಎಂಜಿನ್, ಹೆಚ್ಚು ಎತ್ತರದ ಹಾರಾಟ, ವಿಮಾನದ ಸಾಮರ್ಥ್ಯ, ರೇಡಿಯೋ ಮತ್ತು ಉಪಕರಣ ವಿಭಾಗಗಳನ್ನು ಎಟಿಪಿಎಲ್, ಅಂದರೆ ಕ್ಯಾಪ್ಟನ್ ಆಗಲು ಬೇಕಾದ ಪರವಾನಗಿಯ, ಮಟ್ಟದಲ್ಲಿ ಓದಿರಬೇಕು. ಪ್ರಶ್ನಕೋಶದ ಉತ್ತರಗಳನ್ನು ಬಾಯಿಪಾಠ ಮಾಡಿದವರು ಲಿಖಿತ ಪರೀಕ್ಷೆ ದಾಟಿ ಸಂದರ್ಶನದಲ್ಲಿ ನಿಲ್ಲುತ್ತಾರೆ, ಏಕೆಂದರೆ ಅಲ್ಲಿ ‘ಏಕೆ’ ಎಂದು ಕೇಳುತ್ತಾರೆ.

ಓದನ್ನು ನಮ್ಮ ಆಕಾಶಕ್ಕೇ ಜೋಡಿಸಿಕೊಳ್ಳಿ. ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಂತರರಾಷ್ಟ್ರೀಯ ಮಾನಕ ವಾತಾವರಣದ ಲೆಕ್ಕದಲ್ಲಿ ಆ ಎತ್ತರದ ತಾಪಮಾನ ಸುಮಾರು 9 ಡಿಗ್ರಿ ಸೆಲ್ಸಿಯಸ್ ಇರಬೇಕು. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ವ್ಯತ್ಯಾಸ 26 ಡಿಗ್ರಿ. ಪ್ರತಿ ಡಿಗ್ರಿಗೆ 120 ಅಡಿಯಂತೆ ಸೇರಿಸಿದರೆ ಸಾಂದ್ರತಾ ಎತ್ತರ 6,100 ಅಡಿ ದಾಟುತ್ತದೆ. ರನ್‌ವೇ ಇದ್ದಲ್ಲೇ ಇದ್ದರೂ, ವಿಮಾನದ ರೆಕ್ಕೆಗಳೂ ಎಂಜಿನ್‌ಗಳೂ ತಾವು ಆರು ಸಾವಿರ ಅಡಿ ಎತ್ತರದ ತೆಳು ಗಾಳಿಯಲ್ಲಿವೆ ಎಂಬಂತೆ ವರ್ತಿಸುತ್ತವೆ: ಟೇಕಾಫ್ ಓಟ ಉದ್ದವಾಗುತ್ತದೆ, ಏರುವ ದರ ಕುಗ್ಗುತ್ತದೆ, ಒಂದೇ ಸೂಚಿತ ವೇಗಕ್ಕೆ ನೆಲದ ಮೇಲಿನ ವೇಗ ಹೆಚ್ಚಾಗುತ್ತದೆ. ಇಷ್ಟನ್ನು ಕಾಗದವಿಲ್ಲದೆ ವಿವರಿಸಬಲ್ಲವರಿಗೆ ಸಾಮರ್ಥ್ಯ ವಿಭಾಗದ ಅರ್ಧ ಭಯ ಹೋಗುತ್ತದೆ.

ಹವಾಮಾನವೂ ಹಾಗೆಯೇ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಂದಿಬೆಟ್ಟದ ತಪ್ಪಲಲ್ಲಿ ಮಂಜು ಕವಿದಾಗ ದೇವನಹಳ್ಳಿಯ ಮೆಟಾರ್ (ಸದ್ಯದ ಹವಾಮಾನ) ಮತ್ತು ಟಾಫ್ (ಮುನ್ಸೂಚನೆ) ವರದಿಗಳನ್ನು ತೆರೆದು ನೋಡಿ. ಮೋಡವಿಲ್ಲದ ರಾತ್ರಿ, ತೇವದ ನೆಲ, ಮಂದ ಗಾಳಿ, ತಾಪಮಾನ ಮತ್ತು ಇಬ್ಬನಿ ಬಿಂದು ಹತ್ತಿರ ಬರುವುದು, ಸೂರ್ಯ ಏರಿದಂತೆ ಗೋಚರತೆ ಸುಧಾರಿಸುವುದು ಇವೆಲ್ಲವನ್ನೂ ಪುಸ್ತಕಕ್ಕಿಂತ ಸ್ಪಷ್ಟವಾಗಿ ಅಲ್ಲಿ ಕಾಣಬಹುದು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಮುನ್ನ ಗಾಳಿಯ ದಿಕ್ಕು ಹಠಾತ್ತನೆ ತಿರುಗುವುದನ್ನು ಕೋಲಾರದ ಹೊಲದಲ್ಲಿ ನಿಂತವರೆಲ್ಲ ಬಲ್ಲರು. ಅದೇ ಗಾಳಿ ರನ್‌ವೇ ಸಮೀಪಿಸುತ್ತಿರುವ ವಿಮಾನಕ್ಕೆ ವಿಂಡ್ ಶಿಯರ್ ಆಗುತ್ತದೆ.

ಮನಸ್ಸಿನಲ್ಲೇ ಮಾಡುವ ಲೆಕ್ಕಗಳನ್ನು ದಿನವೂ ಅಭ್ಯಾಸ ಮಾಡಿ. ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯಲು ಪ್ರತಿ ಸಾವಿರ ಅಡಿಗೆ ಸುಮಾರು ಮೂರು ನಾಟಿಕಲ್ ಮೈಲು ಬೇಕು. ಆಗ ಇಳಿಯುವ ದರ ನೆಲದ ಮೇಲಿನ ವೇಗದ ಐದರಷ್ಟು, ಅಂದರೆ 140 ನಾಟ್‌ಗೆ ನಿಮಿಷಕ್ಕೆ 700 ಅಡಿ. 90 ಡಿಗ್ರಿ ದಿಕ್ಕಿನ ರನ್‌ವೇ 09ಕ್ಕೆ 120 ಡಿಗ್ರಿಯಿಂದ 20 ನಾಟ್ ಗಾಳಿ ಇದ್ದರೆ ಕೋನ 30 ಡಿಗ್ರಿ, ಅಡ್ಡಗಾಳಿ ಅರ್ಧ, ಅಂದರೆ 10 ನಾಟ್. ಬಸ್ಸಿನಲ್ಲಿ ಕುಳಿತಾಗಲೂ ಇವನ್ನು ಮಾಡಬಹುದು.

ಅಪಘಾತ ತನಿಖಾ ವರದಿಗಳನ್ನು ಓದುವುದನ್ನು ನಾನು ವಿಶೇಷವಾಗಿ ಒತ್ತಿ ಹೇಳುತ್ತೇನೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರು ಮೃತಪಟ್ಟ ದುರಂತದಲ್ಲಿ, ಕ್ಯಾಪ್ಟನ್ ಅಸ್ಥಿರವಾದ ಇಳಿಯುವಿಕೆಯನ್ನು ಮುಂದುವರಿಸಿದರು. ಫಸ್ಟ್ ಆಫೀಸರ್ ಒಂದಕ್ಕಿಂತ ಹೆಚ್ಚು ಬಾರಿ ಮತ್ತೆ ಮೇಲೇರುವಂತೆ, ಅಂದರೆ ‘ಗೋ ಅರೌಂಡ್’ ಎಂದು, ಹೇಳಿದ್ದರು. 2020ರ ಆಗಸ್ಟ್ 7ರ ಕೋಝಿಕ್ಕೋಡ್ ಅಪಘಾತದ ವರದಿಯಲ್ಲೂ ಗೋ ಅರೌಂಡ್ ಕರೆಯ ನಂತರವೂ ಇಳಿಯುವಿಕೆ ಮುಂದುವರಿದದ್ದು ದಾಖಲಾಗಿದೆ. ಹಿರಿಯರ ಎದುರು ಮಾತಾಡಬಾರದೆಂದು ಕಲಿತು ಬೆಳೆದ ನಮ್ಮಂಥವರಿಗೆ ಈ ವರದಿಗಳು ಬಹಳ ಮುಖ್ಯ. ಬಲಗಡೆಯ ಆಸನದಲ್ಲಿ ಕೂರುವವರು ಗೌರವ ಕಳೆದುಕೊಳ್ಳದೆ, ಆದರೆ ಸ್ಪಷ್ಟವಾಗಿ, ತಪ್ಪನ್ನು ಹೇಳಬೇಕು. ಕೇಳದಿದ್ದರೆ ಮತ್ತೆ ಹೇಳಬೇಕು. ಅಗತ್ಯವಾದರೆ ನಿಯಂತ್ರಣ ತೆಗೆದುಕೊಳ್ಳಬೇಕು. ಇದರ ಬಗ್ಗೆ ಸಂದರ್ಶನದಲ್ಲಿ ಪ್ರಶ್ನೆ ಬರುವುದು ಬಹುತೇಕ ಖಚಿತ.

ಐದನೆಯ ಹಂತ: ಆಯ್ಕೆಯ ದಿನಗಳು

ಆಯ್ಕೆಯ ಕ್ರಮ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಸಾಮಾನ್ಯವಾಗಿ ಲಿಖಿತ ಪರೀಕ್ಷೆ, ಕಂಪ್ಯೂಟರ್ ಮೂಲಕ ನಡೆಯುವ ಮನೋವೈಜ್ಞಾನಿಕ ಮತ್ತು ಸಾಮರ್ಥ್ಯ ಪರೀಕ್ಷೆ, ಗುಂಪು ಚರ್ಚೆ, ಸಂದರ್ಶನ, ಕೆಲವೆಡೆ ಸಿಮ್ಯುಲೇಟರ್ ಪರೀಕ್ಷೆ ಇರುತ್ತವೆ. ಕಂಪ್ಯೂಟರ್ ಪರೀಕ್ಷೆಯಲ್ಲಿ ಒಂದು ಕೈಯಲ್ಲಿ ಜಾಯ್‌ಸ್ಟಿಕ್ ಹಿಡಿದು ಗುರಿಯನ್ನು ಹಿಂಬಾಲಿಸುತ್ತಲೇ ಲೆಕ್ಕ ಬಿಡಿಸುವಂಥ ಕೆಲಸಗಳು ಬರುತ್ತವೆ, ಅಭ್ಯಾಸದಿಂದ ಇವು ಸುಧಾರಿಸುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಬಗ್ಗೆ ಅಂಜುತ್ತಾರೆ. ಇಲ್ಲಿ ಅಲಂಕಾರದ ಇಂಗ್ಲಿಷ್ ಬೇಕಿಲ್ಲ. ಭಾಷಾ ಸಾಮರ್ಥ್ಯದ ಅಂತರರಾಷ್ಟ್ರೀಯ ಮಾನದಂಡವೇ ಉಚ್ಚಾರಣೆ, ರಚನೆ, ಶಬ್ದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರು ಅಂಶಗಳನ್ನು ನೋಡುತ್ತದೆ, ಊರಿನ ಧಾಟಿ ಅರ್ಥವಾಗುವಂತಿದ್ದರೆ ಅದು ದೋಷವಲ್ಲ. ದಿನಕ್ಕೊಂದು ವಿಷಯವನ್ನು, ಉದಾಹರಣೆಗೆ ಟೇಕಾಫ್ ವೇಳೆ ಎಂಜಿನ್ ನಿಂತರೆ ಏನು ಮಾಡುತ್ತೀರಿ ಎಂಬುದನ್ನು, ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಹೇಳಿ, ಮೊಬೈಲ್‌ನಲ್ಲಿ ದಾಖಲಿಸಿ, ಮತ್ತೆ ಕೇಳಿಸಿಕೊಳ್ಳಿ. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎಂದೇ ಹೇಳಿ, ಊಹೆಯನ್ನು ಉತ್ತರವೆಂದು ಒಪ್ಪಿಸುವ ಪೈಲಟ್ ಯಾರಿಗೂ ಬೇಡ.

ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಟೈಪ್ ರೇಟಿಂಗ್ ಇಲ್ಲದವರಿಂದ ಪರಿಪೂರ್ಣ ಹಾರಾಟವನ್ನು ಪರೀಕ್ಷಕರು ನಿರೀಕ್ಷಿಸುವುದಿಲ್ಲ. ಉಪಕರಣಗಳ ಮೇಲೆ ಕಣ್ಣಾಡಿಸುವ ಕ್ರಮ ಇದೆಯೇ, ಪಿಚ್ ಮತ್ತು ಪವರ್‌ನ ಸಂಬಂಧ ತಿಳಿದಿದೆಯೇ, ಒಮ್ಮೆ ತಿದ್ದಿದ್ದನ್ನು ಎರಡನೇ ಬಾರಿ ಸರಿಯಾಗಿ ಮಾಡುತ್ತಾರೆಯೇ ಎಂಬುದನ್ನು ಗಮನಿಸುತ್ತಾರೆ. ಸಾಧ್ಯವಾದರೆ ಪರೀಕ್ಷೆಗೆ ಮುನ್ನ ಬೆಂಗಳೂರಿನ ಯಾವುದಾದರೂ ತರಬೇತಿ ಕೇಂದ್ರದಲ್ಲಿ ಒಂದೆರಡು ಗಂಟೆ ಅಭ್ಯಾಸ ಮಾಡಿ.

ಆರನೆಯ ಹಂತ: ಕಾಯುವಾಗ ಮಾಡಬಹುದಾದ ಕೆಲಸ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು ಬೋಧಕ ವೃತ್ತಿ. ಸಹಾಯಕ ಹಾರಾಟ ಬೋಧಕ ರೇಟಿಂಗ್ ಪಡೆದರೆ ಗಂಟೆಗಳು ಹೆಚ್ಚುತ್ತವೆ, ಸಂಬಳ ಬರುತ್ತದೆ, ಬೇರೆಯವರ ತಪ್ಪನ್ನು ಮೊದಲೇ ಗುರುತಿಸುವ ಅಭ್ಯಾಸವೂ ಬೆಳೆಯುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ, ಕಲಬುರಗಿ ವಿಮಾನ ನಿಲ್ದಾಣದಲ್ಲೂ ತರಬೇತಿ ಸಂಸ್ಥೆಗಳಿವೆ. ಬಾಡಿಗೆ ವಿಮಾನ ಸಂಸ್ಥೆಗಳು ಹೆಚ್ಚಾಗಿ ಅನುಭವವಿರುವವರನ್ನೇ ಕೇಳುತ್ತವೆ, ಆದರೂ ಅರ್ಜಿ ಹಾಕಲು ಅಡ್ಡಿಯಿಲ್ಲ. ಹಾರಾಟದ ಕೆಲಸ ಸಿಗದಿದ್ದರೆ ದೇವನಹಳ್ಳಿಯಲ್ಲಿ ಏರ್‌ಲೈನ್‌ನ ನೆಲದ ಕಾರ್ಯಾಚರಣೆ ವಿಭಾಗಕ್ಕೆ ಸೇರಬಹುದು. ಚಿಕ್ಕಬಳ್ಳಾಪುರದವರು ಮನೆಯಿಂದಲೇ ಹೋಗಿ ಬರಬಹುದು. ವಿಮಾನದ ತೂಕದ ಲೆಕ್ಕ ಬರೆಯುವ ಲೋಡ್ ಶೀಟ್, ಇಂಧನದ ಲೆಕ್ಕ, ವಿಳಂಬದ ಕಾರಣಗಳು ಅಲ್ಲಿ ಕಣ್ಣೆದುರೇ ಕಾಣುತ್ತವೆ.

ಕೊನೆಯ ಹಂತ: ಆಯ್ಕೆ ಪತ್ರ ಬಂದಾಗ

ಪತ್ರಕ್ಕೆ ಸಹಿ ಹಾಕುವ ಮುನ್ನ ಬಾಂಡ್‌ನ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಒಪ್ಪಂದದ) ಮೊತ್ತ, ಅವಧಿ, ತರಬೇತಿಯಲ್ಲಿ ವಿಫಲವಾದರೆ ಹಣ ಯಾರ ಮೇಲೆ ಬೀಳುತ್ತದೆ, ತರಬೇತಿ ಕಾಲದಲ್ಲಿ ಭತ್ಯೆ ಇದೆಯೇ ಎಂಬುದನ್ನು ಊರಿನ ವಕೀಲರೊಬ್ಬರಿಗೆ ತೋರಿಸಿ ತಿಳಿದುಕೊಳ್ಳಿ. 2017ರ ಡಿಜಿಸಿಎ ನಿಯಮದಂತೆ ಫಸ್ಟ್ ಆಫೀಸರ್ ಕೆಲಸ ಬಿಡಲು ಆರು ತಿಂಗಳ ಮುಂಚೆ ನೋಟಿಸ್ ಕೊಡಬೇಕು ಎಂಬುದೂ ಗೊತ್ತಿರಲಿ.

ಸೇರಿದ ಕೂಡಲೇ ಪ್ರಯಾಣಿಕರ ವಿಮಾನ ಹಾರಿಸಲು ಬಿಡುವುದಿಲ್ಲ. ಮೊದಲು ತರಗತಿ ಪಾಠ, ನಂತರ ಸಿಮ್ಯುಲೇಟರ್, ಆಮೇಲೆ ಪ್ರಯಾಣಿಕರಿಲ್ಲದ ನಿಜವಾದ ವಿಮಾನದಲ್ಲಿ ಟೇಕಾಫ್ ಮತ್ತು ಲ್ಯಾಂಡಿಂಗ್ ಅಭ್ಯಾಸ, ಬಳಿಕ ತರಬೇತಿ ಕ್ಯಾಪ್ಟನ್ ಜೊತೆ ಮೇಲ್ವಿಚಾರಣೆಯ ಹಾರಾಟಗಳು, ಕೊನೆಗೆ ಬಿಡುಗಡೆ ಪರೀಕ್ಷೆ. ಈ ತಿಂಗಳುಗಳಲ್ಲಿ ಓದಿನ ಹೊರೆ ಬಹಳ ಇರುವುದರಿಂದ, ವಾಸ್ತವ್ಯ ತುಮಕೂರಿನಲ್ಲೇ ಇರಲಿ ಎಂಬ ಆಸೆಯನ್ನು ಸ್ವಲ್ಪ ಕಾಲ ಬದಿಗಿಟ್ಟು ತರಬೇತಿ ಕೇಂದ್ರದ ಹತ್ತಿರ ಉಳಿಯುವುದೇ ಸರಿ. ಹಾರಾಟಕ್ಕೆ ಮುಂಚಿನ 12 ಗಂಟೆಗಳಲ್ಲಿ ಮದ್ಯಪಾನ ಸಂಪೂರ್ಣ ನಿಷಿದ್ಧ, ಹಬ್ಬ, ಮದುವೆಗಳಿಗೆ ಊರಿಗೆ ಬಂದಾಗಲೂ ಇದನ್ನು ಮರೆಯುವಂತಿಲ್ಲ. ಕೆಮ್ಮಿನ ಔಷಧವನ್ನೂ ಕಂಪನಿಯ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಮೊದಲ ದಿನದ ಹಾರಾಟದಿಂದಲೇ ಲಾಗ್‌ಬುಕ್‌ನಲ್ಲಿ ಎಟಿಪಿಎಲ್‌ಗೆ ಬೇಕಾದ ವಿಭಾಗಗಳನ್ನು ಬೇರ್ಪಡಿಸಿ ಬರೆಯುತ್ತಾ ಹೋಗಿ. 1,500 ಗಂಟೆ ತುಂಬಿದಾಗ ಕ್ಯಾಪ್ಟನ್ ಆಗುವ ದಾರಿಯ ಆ ಪರವಾನಗಿಗೆ ಅರ್ಜಿ ಹಾಕಲು ಅದೇ ಲೆಕ್ಕ ಬೇಕಾಗುತ್ತದೆ.